ಸಿಎಂಸಿ ತಟ್ಟೆಯಲ್ಲಿ ದೊಡ್ಡ ವಲಯ, ಫಿಲ್ಟರ್ ಪೇಪರ್ ಮೇಲೆ ಶೂನ್ಯ: ಕೆಟ್ಟಿರುವುದು ನನ್ನ ಸೆಲ್ಯುಲೇಸೋ, ನನ್ನ ಅಳತೆಯೋ?

ಕಿಣ್ವಾಸಕ್ತೆ:

ಎಲ್ಲರಿಗೂ ನಮಸ್ಕಾರ. ಕೊಳೆತ ಮರದ ದಿಮ್ಮಿಯಿಂದ ಬೇರ್ಪಡಿಸಿದ ಶಿಲೀಂಧ್ರವೊಂದರ ಸೆಲ್ಯುಲೇಸ್ ಕಿಣ್ವವನ್ನು, ಅಂದರೆ ಸೆಲ್ಯುಲೋಸ್ ಕತ್ತರಿಸುವ ಕಿಣ್ವವನ್ನು, ಶುದ್ಧೀಕರಿಸಿ ಅದರ ಗುಣಗಳನ್ನು ಅಳೆಯುವುದು ನನ್ನ ಪಿಎಚ್‌ಡಿಯ ಕೆಲಸ. ಸಿಎಂಸಿ, ಅಂದರೆ ನೀರಿನಲ್ಲಿ ಕರಗುವಂತೆ ಮಾರ್ಪಡಿಸಿದ ಸೆಲ್ಯುಲೋಸ್ ಬೆರೆಸಿದ ಅಗರ್ ತಟ್ಟೆಯಲ್ಲಿ ಇದನ್ನು ಬೆಳೆಸಿ, ಸೆಲ್ಯುಲೋಸಿಗೆ ಅಂಟುವ ಕಾಂಗೋ ರೆಡ್ ಬಣ್ಣ ಸುರಿದು ಉಪ್ಪುನೀರಿನಲ್ಲಿ ತೊಳೆದರೆ ಸುತ್ತಲೂ ಬಹಳ ಅಗಲವಾದ ತಿಳಿ ವಲಯ ಕಾಣಿಸುತ್ತದೆ. ಪ್ರೋಟೀನುಗಳನ್ನು ಬೇರ್ಪಡಿಸುವ ಪ್ರತಿಯೊಂದು ಕಾಲಮ್ ದಾಟಿದಾಗಲೂ ಸಿಎಂಸಿ ಮೇಲಿನ ಚಟುವಟಿಕೆ ಅತಿ ಹೆಚ್ಚಿರುವ ಕೊಳವೆಗಳನ್ನು ಮಾತ್ರ ಆರಿಸಿಕೊಂಡು ಮುಂದುವರಿದಿದ್ದೇನೆ. ಪ್ರೋಟೀನಿನ ಪ್ರತಿ ಮಿಲಿಗ್ರಾಂಗೆ ಲೆಕ್ಕ ಹಾಕಿದರೆ ಆ ಚಟುವಟಿಕೆ ಹಂತದಿಂದ ಹಂತಕ್ಕೆ ಏರುತ್ತಲೇ ಇದೆ.

ತೊಂದರೆ ಇಷ್ಟೇ. ಶಿಲೀಂಧ್ರ ಬೆಳೆದ ಮೂಲ ದ್ರವ, ಗಟ್ಟಿ ಸೆಲ್ಯುಲೋಸೇ ಆದ ಫಿಲ್ಟರ್ ಪೇಪರ್ ಪಟ್ಟಿಯನ್ನು ಚೆನ್ನಾಗಿಯೇ ಕರಗಿಸುತ್ತಿತ್ತು. ಶುದ್ಧೀಕರಣದ ಪ್ರತಿ ಹಂತದಲ್ಲೂ ಆ ಶಕ್ತಿ ಕುಗ್ಗುತ್ತಾ ಬಂದು, ಕೊನೆಯ ಶುದ್ಧ ಕಿಣ್ವ ಕಾಗದವನ್ನು ಮುಟ್ಟುವುದೇ ಇಲ್ಲವೇನೋ ಎಂಬಂತಾಗಿದೆ. ಇನ್ನೊಂದು ಕಾಲಮ್ ಹಾಕಿ ನೋಡಿ ಎನ್ನುತ್ತಾರೆ ಮಾರ್ಗದರ್ಶಕರು. ನನಗಾದರೋ ಏನನ್ನೋ ಕಳೆದುಕೊಳ್ಳುತ್ತಿದ್ದೇನೆ ಎಂಬ ಅನುಮಾನ. ಬಫರ್ ಸಿಟ್ರೇಟ್, ಪಿಎಚ್ 4.8. ಪ್ರೋಟೀನ್ ಕತ್ತರಿಸುವ ಕಿಣ್ವಗಳ ಕಾಟ ಬೇಡವೆಂದು ಕಾಲಮ್ ಬಫರ್‌ಗಳಿಗೆಲ್ಲ ಲೋಹದ ಅಯಾನುಗಳನ್ನು ಹಿಡಿದಿಡುವ ಇಡಿಟಿಎ ಸೇರಿಸಿದ್ದೇನೆ.

ನಿಧಾನಸ್ಥ:

ಆರಿಸದೆ ಬಿಟ್ಟ ಕೊಳವೆಗಳನ್ನು ಎಸೆದಿಲ್ಲ ತಾನೇ?

ಕಿಣ್ವಾಸಕ್ತೆ:

ಎಸೆದಿಲ್ಲ, ಫ್ರೀಜರ್‌ನಲ್ಲಿವೆ. ಜಾಗ ಸಾಲದೆಂದು ಮುಂದಿನ ವಾರ ಎಸೆಯುವವಳಿದ್ದೆ.

ಹಳೇ ಪಿಪೆಟ್:

ಅವುಗಳನ್ನು ದಯವಿಟ್ಟು ಎಸೆಯಬೇಡಿ. ತಾವು ಕಂಡಿರುವುದು ಈ ಕ್ಷೇತ್ರದ ಅತ್ಯಂತ ಹಳೆಯ ಒಗಟು. ಎಲ್ವಿನ್ ರೀಸ್ ಮತ್ತು ಅವರ ಸಹೋದ್ಯೋಗಿಗಳು 1950ರಲ್ಲೇ ಇದನ್ನು ಎದುರಿಸಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಸಿಫಿಕ್ ದ್ವೀಪಗಳಲ್ಲಿದ್ದ ಅಮೆರಿಕದ ಸೈನ್ಯದ ಡೇರೆ, ಬಟ್ಟೆಗಳು ಬೂಷ್ಟು ಹಿಡಿದು ಕೊಳೆಯುತ್ತಿದ್ದವು. ಅದನ್ನು ತಡೆಯುವ ಉಪಾಯ ಹುಡುಕಲು ಹೊರಟವರು ಕೊಳೆಸುವ ಸೂಕ್ಷ್ಮಜೀವಿಗಳನ್ನೇ ಸಂಗ್ರಹಿಸಿ ಪರೀಕ್ಷಿಸತೊಡಗಿದರು. ಸಿಎಂಸಿಯನ್ನು ಸಲೀಸಾಗಿ ತುಂಡರಿಸುವ ಜೀವಿಗಳು ಅನೇಕ, ಆದರೆ ಅವುಗಳಲ್ಲಿ ಹತ್ತಿಯ ನೂಲನ್ನು ಕರಗಿಸಬಲ್ಲವು ಕೆಲವೇ ಎಂಬುದು ಅವರಿಗೆ ಕಂಡುಬಂತು. ಹಾಗಾಗಿ ಗಟ್ಟಿ ಸೆಲ್ಯುಲೋಸನ್ನು ಮೊದಲು ಸಡಿಲಿಸುವ ಸಿ-1 ಎಂಬ ಅಂಶವೊಂದು, ಸಡಿಲಗೊಂಡ ಸರಪಳಿಗಳನ್ನು ಕತ್ತರಿಸುವ ಸಿ-ಎಕ್ಸ್ ಎಂಬ ಅಂಶವೊಂದು, ಹೀಗೆ ಎರಡು ಇರಬೇಕೆಂದು ಅವರು ಊಹಿಸಿದರು. ತಾವು ಶುದ್ಧೀಕರಿಸಿರುವುದು ಎರಡನೆಯದನ್ನು.

ಆ ಸಂಗ್ರಹದ ಕ್ಯೂಎಂ6ಎ ಎಂಬ ತಳಿಯೇ ಇಂದಿನ ಕೈಗಾರಿಕಾ ಸೆಲ್ಯುಲೇಸ್ ತಳಿಗಳ ಮೂಲ. ಸೊಲೊಮನ್ ದ್ವೀಪ ದೇಶದಲ್ಲಿ ಸಿಕ್ಕ ಈ ಶಿಲೀಂಧ್ರಕ್ಕೆ ಮುಂದೆ ರೀಸ್ ಅವರ ಗೌರವಾರ್ಥ ಟ್ರೈಕೊಡರ್ಮಾ ರೀಸೈ ಎಂದು ಹೆಸರಿಟ್ಟರು.

ಕಾಗದದ ಹುಳು:

ಒಂದು ಸಣ್ಣ ತಿದ್ದುಪಡಿ. ಅದು ಸಿಕ್ಕಿದ್ದು ಬೂಗನ್‌ವಿಲ್ ದ್ವೀಪದಲ್ಲಿ. ಭೂಗೋಳದ ದೃಷ್ಟಿಯಿಂದ ಅದು ಸೊಲೊಮನ್ ದ್ವೀಪಸ್ತೋಮಕ್ಕೆ ಸೇರಿದ್ದಾದರೂ ಇಂದು ಇರುವುದು ಪಪುವಾ ನ್ಯೂಗಿನಿ ದೇಶದಲ್ಲಿ.

ಹಳೇ ಪಿಪೆಟ್:

ಒಪ್ಪಿದೆ. ದೇಶ ಎಂದು ಬರೆದದ್ದು ನನ್ನ ತಪ್ಪು.

ಮೂರನೇ ಬೆಂಚು:

ನಾನು ಜೀವರಸಾಯನಶಾಸ್ತ್ರ ಓದಿದವನಲ್ಲ, ಆದ್ದರಿಂದ ಮೂಲಭೂತ ಪ್ರಶ್ನೆ ಕೇಳಿದ್ದಕ್ಕೆ ಕ್ಷಮಿಸಿ. ಪಿಷ್ಟವೂ ಗ್ಲೂಕೋಸಿನ ಸರಪಳಿ, ಸೆಲ್ಯುಲೋಸೂ ಗ್ಲೂಕೋಸಿನ ಸರಪಳಿ. ಒಂದು ಬಾಯಿಯಲ್ಲೇ ಕರಗಲು ಆರಂಭಿಸುತ್ತದೆ, ಇನ್ನೊಂದನ್ನು ಕರಗಿಸಲು ಇಷ್ಟು ದೊಡ್ಡ ಸೈನ್ಯವೇಕೆ ಬೇಕು?

ರಸಾಯನಿ:

ಮೂಲಭೂತ ಪ್ರಶ್ನೆಗೆ ಕ್ಷಮೆ ಏಕೆ, ಈ ಚರ್ಚೆಯ ತಾಯಿಬೇರೇ ಅದು. ಪಿಷ್ಟದಲ್ಲಿ ಗ್ಲೂಕೋಸ್ ಘಟಕಗಳು ಆಲ್ಫಾ ಬಂಧದಿಂದ ಕೂಡಿರುವುದರಿಂದ ಸರಪಳಿ ಸುರುಳಿಯಾಗಿ ಬಾಗುತ್ತದೆ, ನೀರಿಗೂ ಕಿಣ್ವಕ್ಕೂ ಒಳಗೆ ಎಡೆ ಸಿಗುತ್ತದೆ. ಸೆಲ್ಯುಲೋಸಿನಲ್ಲಿರುವುದು ಬೀಟಾ-1,4 ಬಂಧ. ಅಲ್ಲಿ ಪ್ರತಿ ಘಟಕವೂ ತನ್ನ ನೆರೆಯ ಘಟಕಕ್ಕೆ ತಲೆಕೆಳಗಾಗಿ ಕೂರುತ್ತದೆ, ಸರಪಳಿ ಚಪ್ಪಟೆ ಪಟ್ಟಿಯಂತೆ ನೇರವಾಗುತ್ತದೆ. ಇಂತಹ ಪಟ್ಟಿಗಳು ಪಕ್ಕಪಕ್ಕದಲ್ಲಿ ಜಲಜನಕ ಬಂಧಗಳಿಂದ ಹೆಣೆದುಕೊಂಡು, ಹಾಳೆಗಳಾಗಿ ಒಂದರ ಮೇಲೊಂದು ಒತ್ತಿಕೊಂಡು, ನೀರೂ ನುಸುಳದಷ್ಟು ಬಿಗಿಯಾದ ಸ್ಫಟಿಕವಾಗುತ್ತವೆ.

ಬಂಧವೂ ಸಾಮಾನ್ಯವಾದುದಲ್ಲ. ಕಿಣ್ವದ ನೆರವಿಲ್ಲದೆ ಕೋಣೆಯ ಉಷ್ಣತೆಯಲ್ಲಿ ನೀರು ತಾನಾಗಿಯೇ ಅಂತಹ ಬಂಧಗಳಲ್ಲಿ ಅರ್ಧದಷ್ಟನ್ನು ಮುರಿಯಲು ಸುಮಾರು 50 ಲಕ್ಷ ವರ್ಷ ಬೇಕೆಂದು ವುಲ್ಫೆಂಡನ್ ಮತ್ತು ಸಂಗಡಿಗರು 1998ರಲ್ಲಿ ಲೆಕ್ಕ ಹಾಕಿದ್ದಾರೆ. ಸರಿಯಾಗಿ ಕೈಗೆ ಸಿಕ್ಕ ಸರಪಳಿಯಲ್ಲಿ ಸೆಲ್ಯುಲೇಸ್ ಅದೇ ಬಂಧವನ್ನು ಸೆಕೆಂಡಿಗೆ ಕೆಲವು ಬಾರಿ ಕತ್ತರಿಸುತ್ತದೆ. ಇತರ ಕಿಣ್ವಗಳ ಪಕ್ಕದಲ್ಲಿಟ್ಟು ಇದನ್ನು ಸೋಮಾರಿ ಎನ್ನುವವರು ಈ ಎರಡು ಸಂಖ್ಯೆಗಳನ್ನು ಒಟ್ಟಿಗೆ ನೋಡಿರುವುದಿಲ್ಲ.

ಮೂರನೇ ಬೆಂಚು:

ಅಂದರೆ ಕತ್ತರಿಸುವುದಕ್ಕಿಂತ ಕೈಗೆ ಸಿಗಿಸಿಕೊಳ್ಳುವುದೇ ಕಷ್ಟ?

ರಸಾಯನಿ:

ಬಹುಮಟ್ಟಿಗೆ ಹೌದು.

ಸುರಂಗವಾಸಿ:

ಸಿ-1, ಸಿ-ಎಕ್ಸ್ ಎಂಬ ಮಾತು ಇತಿಹಾಸವಾಗಿ ಚೆನ್ನ, ವಿವರಣೆಯಾಗಿ ಸಾಲದು. ಕಿಣ್ವಾಸಕ್ತೆಯವರ ಸಮಸ್ಯೆಗೆ ಉತ್ತರ ಕಿಣ್ವದ ಆಕಾರದಲ್ಲಿದೆ. ಟ್ರೈಕೊಡರ್ಮಾದ ಪ್ರಧಾನ ಕಿಣ್ವವಾದ ಸೆಲ್ಲೋಬಯೋಹೈಡ್ರೋಲೇಸ್‌ನ, ಅಂದರೆ ಸೆಲ್7ಎಯ ರಚನೆಯನ್ನು ಉಪ್ಸಾಲಾದ ಗುಂಪು 1994ರಲ್ಲಿ ಪ್ರಕಟಿಸಿತು. ಅದರ ಕ್ರಿಯಾಸ್ಥಾನ ಸುಮಾರು 50 ಆಂಗ್‌ಸ್ಟ್ರಾಂ ಉದ್ದದ ಸುರಂಗ. ಸರಪಳಿಯ ಒಂದು ತುದಿ ಸುರಂಗದೊಳಗೆ ಹೊಕ್ಕರೆ, ಎರಡೆರಡು ಗ್ಲೂಕೋಸ್ ಘಟಕಗಳ ಸೆಲ್ಲೋಬಯೋಸ್ ಆಗಿ ಅದು ತುಂಡಾಗುತ್ತಾ ಹೋಗುತ್ತದೆ, ಕಿಣ್ವ ಮಾತ್ರ ಸರಪಳಿಯನ್ನು ಬಿಡದೆ ಮುಂದೆ ಸಾಗುತ್ತದೆ. ಕಿಣ್ವಾಸಕ್ತೆಯವರು ಶುದ್ಧೀಕರಿಸಿರುವ ಬಗೆಯ ಎಂಡೋಗ್ಲೂಕನೇಸ್‌ಗಳಲ್ಲಿ ಸುರಂಗವನ್ನು ಮುಚ್ಚುವ ಕುಣಿಕೆಗಳು ಇಲ್ಲದಿರುವುದರಿಂದ ಅಲ್ಲಿರುವುದು ತೆರೆದ ಸೀಳು. ಸರಪಳಿಯ ನಡುವೆ ಎಲ್ಲಿ ಬೇಕಾದರೂ ಅದು ಬಾಯಿ ಹಾಕಬಲ್ಲದು.

ಈಗ ಸಿಎಂಸಿಯನ್ನು ನೋಡಿ. ಕರಗುವಂತಾಗಲೆಂದು ಆ ಸರಪಳಿಯ ಉದ್ದಕ್ಕೂ ಕಾರ್ಬಾಕ್ಸಿಮೀಥೈಲ್ ಗುಂಪುಗಳನ್ನು ಮುಳ್ಳಿನಂತೆ ಸಿಕ್ಕಿಸಲಾಗಿದೆ. ಸುರಂಗದೊಳಗೆ ಆ ಮುಳ್ಳು ತೂರುವುದಿಲ್ಲ. ಆದ್ದರಿಂದ ಸೆಲ್7ಎ ಸಿಎಂಸಿ ಮೇಲೆ ಸತ್ತಂತೆಯೇ ಕಾಣುತ್ತದೆ. ಸಿಎಂಸಿ ಚಟುವಟಿಕೆಯನ್ನೇ ಜರಡಿಯಾಗಿ ಹಿಡಿದು ಕೊಳವೆಗಳನ್ನು ಆರಿಸಿದವರು, ಕಾಗದ ತಿನ್ನುವ ಕಿಣ್ವವನ್ನು ಪ್ರತಿ ಹಂತದಲ್ಲೂ ತಾವೇ ಕೈಯಾರೆ ಹೊರಹಾಕಿರುತ್ತಾರೆ. ಕಿಣ್ವವೂ ಕೆಟ್ಟಿಲ್ಲ, ಅಳತೆಯೂ ಸುಳ್ಳು ಹೇಳಿಲ್ಲ. ತಾವು ಕೇಳದ ಪ್ರಶ್ನೆಗೆ ಅದು ಉತ್ತರಿಸಲಿಲ್ಲ, ಅಷ್ಟೇ.

ಕಿಣ್ವಾಸಕ್ತೆ:

ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ಎರಡು ವರ್ಷದ ಜರಡಿ.

ಲೆಕ್ಕಿಗ:

ಅಷ್ಟು ಬೇಗ ತೀರ್ಪು ಬೇಡ. ಅಳತೆ ಸರಿಯಿದೆ ಎಂದು ಸುರಂಗವಾಸಿಯವರು ಒಪ್ಪಿಕೊಂಡದ್ದು ಯಾವ ಆಧಾರದ ಮೇಲೆ? ಫಿಲ್ಟರ್ ಪೇಪರ್ ಪರೀಕ್ಷೆಯಷ್ಟು ಸಲೀಸಾಗಿ ತಪ್ಪು ಮಾಡಬಹುದಾದ ಪರೀಕ್ಷೆ ಇನ್ನೊಂದಿಲ್ಲ. ದೆಹಲಿ ಐಐಟಿಯ ಟಿ. ಕೆ. ಘೋಷ್ ಅವರು 1987ರಲ್ಲಿ ಪ್ರಕಟಿಸಿದ ವಿಧಾನವೇ ಇಂದಿಗೂ ಮಾನದಂಡ. ವಾಟ್ಮನ್ ನಂ. 1 ಕಾಗದದ 6 ಸೆಂ.ಮೀ. ಉದ್ದ, 1 ಸೆಂ.ಮೀ. ಅಗಲದ ಪಟ್ಟಿ, ತೂಕ ಸುಮಾರು 50 ಮಿಲಿಗ್ರಾಂ. ಉಷ್ಣತೆ 50 ಡಿಗ್ರಿ ಸೆಲ್ಸಿಯಸ್, ಅವಧಿ 60 ನಿಮಿಷ. ಆ ಅವಧಿಯಲ್ಲಿ ಸರಿಯಾಗಿ 2 ಮಿಲಿಗ್ರಾಂ ಗ್ಲೂಕೋಸಿನಷ್ಟು ಸಕ್ಕರೆ ಹುಟ್ಟಿಸುವ ಕಿಣ್ವದ ಸಾಂದ್ರತೆಯನ್ನು ಕಂಡುಹಿಡಿದು, 0.37ನ್ನು ಅದರಿಂದ ಭಾಗಿಸಿದರೆ ಸಿಗುವುದು ಫಿಲ್ಟರ್ ಪೇಪರ್ ಯೂನಿಟ್. ಅನೇಕರು ಒಂದೇ ದುರ್ಬಲೀಕರಣದಲ್ಲಿ ಓದಿಕೊಂಡು ಸರಳರೇಖೆಯಲ್ಲಿ ಗುಣಿಸಿಬಿಡುತ್ತಾರೆ. ಕಿಣ್ವ ದುಪ್ಪಟ್ಟಾದರೆ ಸಕ್ಕರೆ ದುಪ್ಪಟ್ಟಾಗುವುದಿಲ್ಲ. ಕಾಗದದ ಸುಲಭವಾದ ಭಾಗ ಮೊದಲು ಕರಗಿ, ಉಳಿಯುವುದೆಲ್ಲ ಕಠಿಣವಾದದ್ದು.

ಇನ್ನು ಸಕ್ಕರೆಯನ್ನು ಬಣ್ಣದಿಂದ ಅಳೆಯುವ ಡಿಎನ್‌ಎಸ್ ಕಾರಕ. ಸೆಲ್ಲೋಬಯೋಸ್‌ಗೂ ಗ್ಲೂಕೋಸ್‌ಗೂ ಅದು ಒಂದೇ ಪ್ರಮಾಣದ ಬಣ್ಣ ಕೊಡುವುದಿಲ್ಲ. ಸೆಲ್ಲೋಬಯೋಸನ್ನು ಒಡೆಯುವ ಬೀಟಾ-ಗ್ಲೂಕೋಸಿಡೇಸ್ ಕಾಲಮ್‌ನಲ್ಲಿ ಕಳೆದುಹೋಗಿದ್ದರೆ ಎರಡು ರೀತಿಯ ನಷ್ಟವಾಗುತ್ತದೆ: ಬಣ್ಣವೂ ಕಡಿಮೆ, ಸಂಗ್ರಹವಾದ ಸೆಲ್ಲೋಬಯೋಸ್‌ನಿಂದ ಕಿಣ್ವಕ್ಕೆ ಪ್ರತಿಬಂಧವೂ ಹೆಚ್ಚು. ಬೀಟಾ-ಗ್ಲೂಕೋಸಿಡೇಸನ್ನು ಹೊರಗಿನಿಂದ ಸೇರಿಸಿ ನೋಡದೆ ಕಿಣ್ವ ಸತ್ತಿದೆ ಎನ್ನಬಾರದು.

ಸುರಂಗವಾಸಿ:

ಲೆಕ್ಕಿಗರೇ, ಬೀಟಾ-ಗ್ಲೂಕೋಸಿಡೇಸ್ ಕೊರತೆಯಿಂದ ಓದಿಕೆ ತಗ್ಗಬಹುದು, ಶೂನ್ಯಕ್ಕೆ ಇಳಿಯಲಾರದು.

ಲೆಕ್ಕಿಗ:

ಮುಟ್ಟುವುದೇ ಇಲ್ಲವೇನೋ ಎಂಬಂತಾಗಿದೆ ಎಂಬುದು ಅವರ ಮಾತು. ಶೂನ್ಯ ಎಂಬುದು ಶೀರ್ಷಿಕೆಯ ಅಲಂಕಾರ. ನಾನು ಸಂಖ್ಯೆ ಕೇಳುತ್ತಿದ್ದೇನೆ.

ಬಾಲಂಗೋಚಿ:

ಮೂರನೆಯ ಸಾಧ್ಯತೆಯೊಂದಿದೆ, ಅದನ್ನು ಇಬ್ಬರೂ ಬಿಟ್ಟಿದ್ದೀರಿ. ಬಹಳಷ್ಟು ಶಿಲೀಂಧ್ರ ಸೆಲ್ಯುಲೇಸ್‌ಗಳಿಗೆ ಕತ್ತರಿಸುವ ಭಾಗವಲ್ಲದೆ, ಸೆಲ್ಯುಲೋಸಿಗೆ ಅಂಟಿಕೊಳ್ಳುವ ಪುಟ್ಟ ಭಾಗವೊಂದು ಬಾಲದಂತೆ ಇರುತ್ತದೆ. ಎರಡರ ನಡುವೆ ಸಕ್ಕರೆಯ ತೊಡಿಗೆ ತೊಟ್ಟ ತೆಳುವಾದ ಕೊಂಡಿ. ಪಪಾಯಿಯ ಪಪೇನ್ ಕಿಣ್ವದಿಂದ ಸೆಲ್7ಎಯನ್ನು ಆ ಕೊಂಡಿಯಲ್ಲಿ ಕತ್ತರಿಸಿ ನೋಡಿದ ಪ್ರಯೋಗ 1986ರದು. ಬಾಲ ಕಳೆದುಕೊಂಡ ಕಿಣ್ವ ಕರಗುವ ಸಣ್ಣ ಅಣುಗಳ ಮೇಲೆ ಮೊದಲಿನಂತೆಯೇ ಕೆಲಸ ಮಾಡಿತು, ಗಟ್ಟಿ ಸೆಲ್ಯುಲೋಸಿನ ಮೇಲೆ ಮಾತ್ರ ತೀರಾ ಸೋತಿತು.

ಶಿಲೀಂಧ್ರ ಹೆಚ್ಚು ದಿನ ಬೆಳೆದು ಮುದಿಯಾದಷ್ಟೂ ದ್ರವದಲ್ಲಿ ಪ್ರೋಟೀನ್ ಕತ್ತರಿಸುವ ಕಿಣ್ವಗಳು ಹೆಚ್ಚುತ್ತವೆ. ಅವುಗಳೆಲ್ಲ ಇಡಿಟಿಎಗೆ ಬಗ್ಗುವುದೂ ಇಲ್ಲ. ನಿಮ್ಮ ಶುದ್ಧ ಕಿಣ್ವವನ್ನು ಜೆಲ್ ಮೇಲೆ ಓಡಿಸಿದಾಗ ಒಂದೇ ಪಟ್ಟೆ ಬರುತ್ತದೆಯೋ, ಸ್ವಲ್ಪ ಕೆಳಗೆ, ಬಾಲ ಕಳೆದುಕೊಂಡು ಚಿಕ್ಕದಾದ ಇನ್ನೊಂದು ಕಾಣುತ್ತದೆಯೋ? ಅವಿಸೆಲ್ ಎಂಬ ಸ್ಫಟಿಕ ಸೆಲ್ಯುಲೋಸ್ ಪುಡಿಯೊಂದಿಗೆ ತಣ್ಣಗೆ ಕಲಸಿ, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ದ್ರವದಲ್ಲಿ ಪ್ರೋಟೀನ್ ಎಷ್ಟು ಉಳಿಯಿತೆಂದು ನೋಡಿ. ಬಾಲವಿದ್ದರೆ ಬಹುಪಾಲು ಪುಡಿಗೆ ಅಂಟಿ ತಳ ಸೇರುತ್ತದೆ.

ಗೆದ್ದಲು:

ಇಷ್ಟೆಲ್ಲ ಕಾಲಮ್ ಇಲ್ಲದೆಯೇ ನಮ್ಮ ಕುಲ ಮರ ತಿನ್ನುತ್ತಿದೆ.

ಕಾಗದದ ಹುಳು:

ಕುಲದ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ತಿನ್ನುತ್ತಿವೆ ಎನ್ನಿ.

ಗೆದ್ದಲು:

ಪೂರ್ತಿ ಹಾಗಲ್ಲ, ಹುಳುವಿನವರೇ. ಸೆಲ್ಯುಲೇಸ್ ತಯಾರಿಸುವ ಜೀನ್ ಗೆದ್ದಲಿನ ಸ್ವಂತ ಜೀನೋಮಿನಲ್ಲೇ ಇದೆಯೆಂದು ಜಪಾನಿನ ವತನಾಬೆ ಮತ್ತು ಸಂಗಡಿಗರು 1998ರಲ್ಲಿ ತೋರಿಸಿದರು. ಹೊಟ್ಟೆಯ ಬಾಡಿಗೆದಾರರ ಪಾಲೂ ದೊಡ್ಡದೇ, ಅದನ್ನು ಅಲ್ಲಗಳೆಯುವುದಿಲ್ಲ. ಪ್ರಾಣಿಗಳಿಗೆ ಸ್ವಂತ ಸೆಲ್ಯುಲೇಸ್ ಇರುವುದೇ ಇಲ್ಲ ಎಂಬ ಹಳೆಯ ಪಠ್ಯದ ವಾಕ್ಯ ಮಾತ್ರ ಈಗ ನಿಲ್ಲುವುದಿಲ್ಲ.

ನಿಧಾನಸ್ಥ:

ಗೆದ್ದಲನ್ನು ಬಿಲಕ್ಕೆ ಕಳುಹಿಸಿ ವಿಷಯಕ್ಕೆ ಬರೋಣ. ಎಲ್ಲರೂ ಒಂದೇ ಕಿಣ್ವದ ಬಗ್ಗೆ ಮಾತನಾಡುತ್ತಿದ್ದೀರಿ. ಕಾಗದ ಕರಗುವುದು ಒಂದು ಕಿಣ್ವದಿಂದಲ್ಲ. ಎಂಡೋಗ್ಲೂಕನೇಸ್ ನಡುವೆ ಕತ್ತರಿಸಿ ಹೊಸ ತುದಿಗಳನ್ನು ಸೃಷ್ಟಿಸುತ್ತದೆ. ಸೆಲ್7ಎ ಸರಪಳಿಯ ಅಪಕರ್ಷಕ ತುದಿಯಿಂದ ಹೊರಡುತ್ತದೆ, ಸೆಲ್6ಎ ಎಂಬ ಇನ್ನೊಂದು ಸೆಲ್ಲೋಬಯೋಹೈಡ್ರೋಲೇಸ್ ಎದುರು ತುದಿಯಿಂದ. ಟೋಕಿಯೋದ ಇಗರಾಶಿ ಮತ್ತು ಸಂಗಡಿಗರು 2011ರಲ್ಲಿ ಅತಿವೇಗದ ಪರಮಾಣುಬಲ ಸೂಕ್ಷ್ಮದರ್ಶಕದಿಂದ ಸ್ಫಟಿಕದ ಮೇಲೆ ಸಾಗುವ ಸೆಲ್7ಎ ಅಣುಗಳನ್ನು ಒಂದೊಂದಾಗಿ ನೋಡಿದರು. ಮುಂದಿನ ಅಣು ಎಲ್ಲೋ ಸಿಕ್ಕಿಕೊಂಡರೆ ಹಿಂದಿನವು ಸಾಲುಗಟ್ಟಿ ನಿಲ್ಲುತ್ತವೆ, ಥೇಟ್ ವಾಹನ ದಟ್ಟಣೆ. ಸೆಲ್6ಎ ಜೊತೆಗೂಡಿದಾಗ ದಾರಿ ಬಿಡುಗಡೆಯಾಗುತ್ತದೆ. ಆದ್ದರಿಂದ ಕಿಣ್ವಾಸಕ್ತೆಯವರ ಕೈಯಲ್ಲಿರುವ ಪ್ರಯೋಗ ಅತ್ಯಂತ ಸರಳ: ಫ್ರೀಜರ್‌ನಲ್ಲಿರುವ ಒಂದೊಂದೇ ಕೊಳವೆಯನ್ನು ಶುದ್ಧ ಕಿಣ್ವಕ್ಕೆ ಸೇರಿಸಿ ಕಾಗದದ ಮೇಲೆ ಅಳೆಯಿರಿ. ಕೊಳವೆಯನ್ನು ಒಂಟಿಯಾಗಿಯೂ ಅಳೆಯಿರಿ. ಎರಡರ ಮೊತ್ತಕ್ಕಿಂತ ಮಿಶ್ರಣ ಹೆಚ್ಚು ಕೊಟ್ಟರೆ ಸುರಂಗವಾಸಿ ಗೆದ್ದಂತೆ.

ತಾಮ್ರಪತ್ರ:

ಇಡಿಟಿಎ ಎಂಬ ಪದ ಮೊದಲ ಪೋಸ್ಟಿನಲ್ಲೇ ಇದೆ. ಅದರ ಮಹತ್ವವನ್ನು ಇಷ್ಟು ಹೊತ್ತೂ ಯಾರೂ ಎತ್ತಲಿಲ್ಲವಲ್ಲ ಎಂದು ಆಶ್ಚರ್ಯವಾಗುತ್ತಿದೆ. 2010ರಲ್ಲಿ ನಾರ್ವೆಯ ಗುಂಪೊಂದು ಕೀಟಗಳ ಹೊರಕವಚದಲ್ಲಿರುವ ಕೈಟಿನ್ ಮೇಲೆ ಕೆಲಸ ಮಾಡುತ್ತಿದ್ದಾಗ, ನೀರನ್ನು ಸೇರಿಸಿ ಬಂಧ ಮುರಿಯುವ ಬದಲು ಉತ್ಕರ್ಷಣದಿಂದ ಮುರಿಯುವ ಕಿಣ್ವವನ್ನು ಕಂಡುಹಿಡಿಯಿತು. ಸೆಲ್ಯುಲೋಸ್ ಮೇಲೂ ಹೀಗೆಯೇ ವರ್ತಿಸುವ ಬಂಧುಗಳು ಶಿಲೀಂಧ್ರಗಳಲ್ಲಿವೆಯೆಂದೂ ಅವುಗಳ ಹೃದಯದಲ್ಲಿರುವುದು ತಾಮ್ರವೆಂದೂ ಮರುವರ್ಷ ಸ್ಪಷ್ಟವಾಯಿತು. ಎಲ್‌ಪಿಎಂಒ ಎನ್ನುವುದು ಇವುಗಳನ್ನೇ. ಇವುಗಳಿಗೆ ಸುರಂಗವಿಲ್ಲ, ಸೀಳಿಲ್ಲ. ಚಪ್ಪಟೆ ಮುಖವೊಂದು ಸ್ಫಟಿಕದ ಮೇಲೆ ನೇರವಾಗಿ ಕೂರುತ್ತದೆ. ರೀಸ್ ಅವರು ಊಹಿಸಿದ ಸಿ-1 ಇದೇ ಎಂದು ನಾನು ವಾದಿಸುತ್ತೇನೆ.

ಇಡಿಟಿಎ ತಾಮ್ರವನ್ನು ಕಿತ್ತುಕೊಳ್ಳುತ್ತದೆ. ಆಸ್ಕಾರ್ಬಿಕ್ ಆಮ್ಲದಂತಹ ಅಪಕರ್ಷಕ ಇಲ್ಲದಿದ್ದರೆ ಎಲ್‌ಪಿಎಂಒ ಏಳುವುದೂ ಇಲ್ಲ. ಎದ್ದರೂ ಅದು ಉಂಟುಮಾಡುವ ಉತ್ಕರ್ಷಿತ ತುದಿಗಳಲ್ಲಿ ಆಮ್ಲರೂಪದವು ಡಿಎನ್‌ಎಸ್‌ಗೆ ಕಾಣುವುದಿಲ್ಲ. ಆಸ್ಕಾರ್ಬಿಕ್ ಆಮ್ಲ ಮಾತ್ರ ಕಾಣುತ್ತದೆ, ಅದು ಇನ್ನೊಂದು ತಲೆನೋವು.

ಹಳೇ ಪಿಪೆಟ್:

ಸಿ-1 ಇದೇ ಎನ್ನುವುದು ಆತುರವಲ್ಲವೇ? ಸೆಲ್ಲೋಬಯೋಹೈಡ್ರೋಲೇಸ್ ಸಿಕ್ಕಾಗಲೂ ಸಿ-1 ಸಿಕ್ಕಿತು ಎಂದವರಿದ್ದರು. ಪ್ರತಿ ತಲೆಮಾರೂ ಹೊಸ ಕಿಣ್ವಕ್ಕೆ ಆ ಹಳೆಯ ಅಂಗಿಯನ್ನೇ ತೊಡಿಸಿ ನೋಡುತ್ತದೆ.

ತಾಮ್ರಪತ್ರ:

ಈ ಬಾರಿ ಅಂಗಿ ಸರಿಹೊಂದುತ್ತಿದೆ, ಸ್ವಾಮಿ. ತೋಳು ಸ್ವಲ್ಪ ಗಿಡ್ಡವಿರಬಹುದು. 2017ರ ನಂತರ ಸೆಲ್ಯುಲೋಸಿನ ಜೊತೆಗೆ ಇದು ಬಳಸಿಕೊಳ್ಳುವುದು ಆಮ್ಲಜನಕವೋ ಹೈಡ್ರೋಜನ್ ಪೆರಾಕ್ಸೈಡೋ ಎಂಬ ವಾದವೇ ಬೇರೆ ನಡೆದಿದೆ. ಪೆರಾಕ್ಸೈಡ್ ಹೆಚ್ಚಾದರೆ ಕಿಣ್ವವೇ ಸುಟ್ಟುಹೋಗುವುದರಿಂದ, ತಿಳಿಯದೆ ಸುರಿಯಬೇಡಿ ಎಂದಷ್ಟೇ ಇಲ್ಲಿ ಹೇಳುತ್ತೇನೆ.

ಕಿಣ್ವಾಸಕ್ತೆ:

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ನಿಧಾನಸ್ಥರು ಹೇಳಿದಂತೆ ಮಿಶ್ರಣಗಳನ್ನು ಅಳೆದೆ. ಮೊದಲ ಕಾಲಮ್‌ನಲ್ಲಿ ನಾನು ಬಿಟ್ಟಿದ್ದ ಕೊಳವೆಗಳಲ್ಲಿ ಒಂದು ಗುಂಪಿಗೆ ಸಿಎಂಸಿ ಮೇಲೆ ಚಟುವಟಿಕೆ ಇಲ್ಲವೆಂದೇ ಹೇಳಬೇಕು. ಒಂಟಿಯಾಗಿ ಕಾಗದದ ಮೇಲೆ ಹಾಕಿದರೆ ಅದರ ಕೆಲಸ ಸಾಧಾರಣ. ಶುದ್ಧ ಕಿಣ್ವದೊಂದಿಗೆ ಸೇರಿಸಿದಾಗ ಪಟ್ಟಿ ಎಳೆಎಳೆಯಾಗಿ ಬಿಚ್ಚಿಕೊಂಡಿತು, ಎರಡರ ಮೊತ್ತಕ್ಕಿಂತ ಸ್ಪಷ್ಟವಾಗಿ ಹೆಚ್ಚು ಸಕ್ಕರೆ ಬಂತು. ಬೀಟಾ-ಗ್ಲೂಕೋಸಿಡೇಸ್ ಮಾತ್ರ ಸೇರಿಸಿದಾಗ ಓದಿಕೆ ಸ್ವಲ್ಪವೇ ಏರಿತು. ಜೆಲ್ ಮೇಲೆ ನನ್ನ ಶುದ್ಧ ಕಿಣ್ವ ಒಂದಲ್ಲ, ಎರಡು ಪಟ್ಟೆ ತೋರಿಸುತ್ತಿದೆ, ಆದ್ದರಿಂದ ಬಾಲಂಗೋಚಿಯವರ ಮಾತನ್ನೂ ತಳ್ಳಿಹಾಕಲಾರೆ.

ಅರ್ಥವಾಗದ್ದು ಒಂದಿದೆ. ಅದೇ ಕೊಳವೆಯ ದ್ರವವನ್ನು ಹತ್ತು ನಿಮಿಷ ಕುದಿಸಿ ಸೇರಿಸಿದಾಗಲೂ ಓದಿಕೆ ಸ್ವಲ್ಪ ಏರುತ್ತದೆ. ಕುದಿಸಿದ ಮೇಲೆ ಕಿಣ್ವ ಎಲ್ಲಿಂದ ಬಂತು?

ತಾಮ್ರಪತ್ರ:

ಶಾಖ ತಡೆಯುವ ಅಪಕರ್ಷಕ ಅಣುವೊಂದು ಆ ದ್ರವದಲ್ಲಿದ್ದು ಎಲ್‌ಪಿಎಂಒವನ್ನು ಎಬ್ಬಿಸುತ್ತಿರಬಹುದು!

ಲೆಕ್ಕಿಗ:

ಅಥವಾ ಆ ದ್ರವದಲ್ಲೇ ಸಕ್ಕರೆ ಇರಬಹುದು. ಶಿಲೀಂಧ್ರ ಬೆಳೆದ ದ್ರವ ಅದು, ಮೊದಲ ಕಾಲಮ್‌ಗೆ ಮುನ್ನ ಸಣ್ಣ ಅಣುಗಳನ್ನು ತೆಗೆಯಲು ಡಯಾಲಿಸಿಸ್ ಮಾಡಿದ್ದಿರಾ? ಕಾಗದವಿಲ್ಲದೆ, ಕುದಿಸಿದ ದ್ರವ ಮತ್ತು ಬಫರ್ ಮಾತ್ರ ಹಾಕಿದ ಕೊಳವೆಯ ಓದಿಕೆ ಎಷ್ಟು? ಬಫರ್‌ನ ಬ್ಲ್ಯಾಂಕ್, ಅಂದರೆ ಬಫರ್ ತಾನೇ ಕೊಡುವ ಓದಿಕೆ, ಒಂದನ್ನೇ ಕಳೆದಿದ್ದರೆ ಸಾಲದು, ಕಿಣ್ವದ ಬ್ಲ್ಯಾಂಕನ್ನೂ ಕಳೆಯಬೇಕು. ನಾನು ಇದೇ ತಪ್ಪಿನಿಂದ ಒಂದು ಇಡೀ ಬೇಸಿಗೆಯನ್ನು ಹಾಳುಮಾಡಿಕೊಂಡವನು. ಬೆಳೆಸುವ ಮಾಧ್ಯಮದ ಲ್ಯಾಕ್ಟೋಸನ್ನು ಕಿಣ್ವದ ಚಟುವಟಿಕೆಯೆಂದು ಅಳೆದು, ಗುಂಪಿನ ಸಭೆಯಲ್ಲಿ ಗ್ರಾಫ್ ಸಮೇತ ಮಂಡಿಸಿದ್ದೆ.

ಕಿಣ್ವಾಸಕ್ತೆ:

ಬಫರ್ ಬ್ಲ್ಯಾಂಕ್ ಮಾತ್ರ ಕಳೆದಿದ್ದೆ. ಡಯಾಲಿಸಿಸ್ ಮಾಡಿರಲಿಲ್ಲ. ನಾಳೆ ನೋಡಿ ಹೇಳುತ್ತೇನೆ.

ಕಿಣ್ವಾಸಕ್ತೆ:

ಲೆಕ್ಕಿಗರು ಹೇಳಿದ್ದೇ ನಿಜ. ಕಾಗದವಿಲ್ಲದ ಕೊಳವೆಯಲ್ಲೂ ಅಷ್ಟೇ ಬಣ್ಣ ಬಂತು. ಅದನ್ನು ಕಳೆದ ಮೇಲೆ ಕುದಿಸಿದ ದ್ರವದ ಏರಿಕೆ ಮಾಯವಾಯಿತು. ಕುದಿಸದ ದ್ರವದೊಂದಿಗಿನ ಮಿಶ್ರಣದ ಹೆಚ್ಚಳ ಮೊದಲಿಗಿಂತ ಸ್ವಲ್ಪ ತಗ್ಗಿದೆ, ಆದರೂ ಮೊತ್ತಕ್ಕಿಂತ ಹೆಚ್ಚೇ ಉಳಿದಿದೆ. ಇಡಿಟಿಎ ಇಲ್ಲದ ಬಫರ್‌ನಲ್ಲಿ ಮೊದಲ ಕಾಲಮ್ ಮತ್ತೆ ಓಡಿಸಲು ಮಾರ್ಗದರ್ಶಕರು ಒಪ್ಪಿದ್ದಾರೆ. ಈ ಬಾರಿ ಪ್ರತಿ ಕೊಳವೆಯನ್ನೂ ಸಿಎಂಸಿ, ಅವಿಸೆಲ್ ಎರಡರ ಮೇಲೂ ಅಳೆಯುತ್ತೇನೆ.

ಬಾಲಂಗೋಚಿ:

ಅವಿಸೆಲ್ ಪುಡಿಗೆ ಅಂಟುವ ಪರೀಕ್ಷೆ ಏನಾಯಿತು? ಎರಡು ಪಟ್ಟೆಗಳಲ್ಲಿ ಯಾವುದು ತಳ ಸೇರಿತು?

ಕಿಣ್ವಾಸಕ್ತೆ:

ಮೇಲಿನದು ತಳ ಸೇರಿತು, ಕೆಳಗಿನದು ದ್ರವದಲ್ಲೇ ಉಳಿಯಿತು.

ಬಾಲಂಗೋಚಿ:

ಹಾಗಾದರೆ ಈ ಬಾರಿ ಎರಡು ದಿನ ಮೊದಲೇ ಶಿಲೀಂಧ್ರವನ್ನು ಸೋಸಿ ತೆಗೆಯಿರಿ.